ಹಡಗಿನ ಮೊದಲ ಸಂಜೆ: ದಾವಣಗೆರೆ, ಚಿತ್ರದುರ್ಗದವರಿಗೊಂದು ಕೈಪಿಡಿ

ದಾವಣಗೆರೆಯಲ್ಲಿ ನೀರು ಅಂದರೆ ಕುಂದವಾಡ ಕೆರೆ, ಭದ್ರಾ ನಾಲೆ, ಸ್ವಲ್ಪ ದೂರ ಹೋದರೆ ಸೂಳೆಕೆರೆ. ಚಿತ್ರದುರ್ಗದವರಿಗೆ ವಾಣಿವಿಲಾಸ ಸಾಗರ. ಸಮುದ್ರದ ಹಡಗಿನಲ್ಲಿ ರಾತ್ರಿ ಕಳೆದವರು ನಮ್ಮ ಮನೆಗಳಲ್ಲಿ ಅಪರೂಪ. ಹಾಗಾಗಿ ಹೋಗಿ ಬಂದ ಅತ್ತೆಯನ್ನೋ ಚಿಕ್ಕಪ್ಪನನ್ನೋ ಕೇಳಿ ತಿಳಿದುಕೊಳ್ಳುವ ಅನುಕೂಲ ನಮಗಿಲ್ಲ. ಹೋಗುವ ಆಸೆ ಮಾತ್ರ ಈಚೆಗೆ ಬೆಳೆದಿದೆ. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೀಲಿಯಾ ಕಂಪನಿ ಮುಂಬೈಯಿಂದ ‘ಎಂಪ್ರೆಸ್’ ಹಡಗು ಓಡಿಸಲು ಶುರುಮಾಡಿದ ಮೇಲೆ ಗೋವಾ, ಕೊಚ್ಚಿ, ಲಕ್ಷದ್ವೀಪದ ಪ್ರವಾಸಕ್ಕೆ ವಿಮಾನ ಹತ್ತಿ ಪರದೇಶಕ್ಕೆ ಹೋಗಬೇಕಾಗಿಲ್ಲ. ಬೆಂಗಳೂರಿನಿಂದ ಸಿಂಗಪುರಕ್ಕೆ ಹಾರಿ ಅಲ್ಲಿಂದ ದೊಡ್ಡ ಹಡಗು ಹತ್ತುವವರೂ ಇದ್ದಾರೆ.

ಮೂರು-ನಾಲ್ಕು ದಿನದ ಪ್ರವಾಸದಲ್ಲಿ ಮೊದಲ ಸಂಜೆಯೇ ಬಹಳ ಗಡಿಬಿಡಿಯದು. ಜನ ಸುಸ್ತಾಗಿರುತ್ತಾರೆ, ಹಸಿದಿರುತ್ತಾರೆ, ಎಲ್ಲವನ್ನೂ ಒಂದೇ ಏಟಿಗೆ ನೋಡಿಬಿಡುವ ಆತುರ ಬೇರೆ. ನನ್ನ ಸಲಹೆ ಇಷ್ಟೇ: ಆ ಸಂಜೆ ನಾಲ್ಕು ಕೆಲಸ ಮುಗಿಸಿಕೊಳ್ಳಿ. ಕ್ಯಾಬಿನ್ ಸರಿಮಾಡಿಕೊಳ್ಳುವುದು, ಸುರಕ್ಷತಾ ತಾಲೀಮಿಗೆ ಹೋಗುವುದು, ಊಟದ ಹಾಲ್‌ನವರ ಹತ್ತಿರ ಮಾತಾಡುವುದು, ಹಗುರವಾಗಿ ಉಂಡು ಬೇಗ ಮಲಗುವುದು. ಈಜುಕೊಳ, ನಾಟಕ, ಅಂಗಡಿ ಎಲ್ಲ ಮರುದಿನವೂ ಅಲ್ಲೇ ಇರುತ್ತವೆ.

ಊರು ಬಿಡುವಾಗ

ಹಡಗು ಯಾರಿಗೂ ಕಾಯುವುದಿಲ್ಲ. ಹೊರಡುವ ಹೊತ್ತಿಗೆ ಒಂದು ಗಂಟೆಗೂ ಮುಂಚೆಯೇ ಚೆಕ್-ಇನ್ ಮುಚ್ಚಿಬಿಡುತ್ತಾರೆ. ಆದ್ದರಿಂದ ಹತ್ತುವ ದಿನದ ಬೆಳಗ್ಗೆ ಮುಂಬೈ ಮುಟ್ಟುವಂತೆ ರೈಲು ಹಿಡಿಯಬೇಡಿ, ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ. ಮೈಸೂರಿನಿಂದ ದಾದರ್‌ಗೆ ಹೋಗುವ ಶರಾವತಿ ಎಕ್ಸ್‌ಪ್ರೆಸ್, ಪುದುಚೇರಿಯಿಂದ ಬರುವ ಚಾಲುಕ್ಯ ಎಕ್ಸ್‌ಪ್ರೆಸ್ ವಾರದ ಕೆಲವು ದಿನ ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಮಿರಜ್, ಪುಣೆ ಮಾರ್ಗವಾಗಿ ಹೋಗುತ್ತವೆ. ಚಿತ್ರದುರ್ಗದವರು ಅರವತ್ತು ಕಿಲೋಮೀಟರ್ ಬಂದು ದಾವಣಗೆರೆಯಲ್ಲಿ ಹತ್ತುವುದೇ ಸಲೀಸು. ಹಡಗು ನಿಲ್ಲುವ ಬಲ್ಲಾರ್ಡ್ ಪಿಯರ್ ಮುಂಬೈಯ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್) ರೈಲು ನಿಲ್ದಾಣಕ್ಕೆ ಹತ್ತಿರ. ಹಾಗಾಗಿ ದಾದರ್‌ನಲ್ಲಿ ಉಳಿಯುವ ಬದಲು ಆ ಕಡೆ ರೂಮು ಮಾಡಿದರೆ ಮರುದಿನದ ಟ್ರಾಫಿಕ್ ಚಿಂತೆ ಇರುವುದಿಲ್ಲ.

ಬ್ಯಾಗ್ ಕಟ್ಟುವಾಗ ಒಂದು ವಿಷಯ ಚೆನ್ನಾಗಿ ನೆನಪಿಡಿ. ದೊಡ್ಡ ಸೂಟ್‌ಕೇಸನ್ನು ಹಡಗು ಹತ್ತುವ ಟರ್ಮಿನಲ್‌ನಲ್ಲೇ ಚೀಟಿ ಕಟ್ಟಿ ತೆಗೆದುಕೊಳ್ಳುತ್ತಾರೆ. ಅದು ನಿಮ್ಮ ಕ್ಯಾಬಿನ್ ಬಾಗಿಲಿಗೆ ಬರುವಷ್ಟರಲ್ಲಿ ಸಂಜೆಯಾಗಬಹುದು, ರಾತ್ರಿಯೂ ಆಗಬಹುದು. ಬಿಪಿ, ಶುಗರ್ ಮಾತ್ರೆ, ಇನ್ಸುಲಿನ್, ಕನ್ನಡಕ, ಗುರುತಿನ ಚೀಟಿಯ ಮೂಲಪ್ರತಿ, ಚಾರ್ಜರ್, ಮಕ್ಕಳಿಗೆ ಒಂದು ಜೊತೆ ಬಟ್ಟೆ, ಸಂಜೆಯ ಊಟಕ್ಕೆ ಉಡುವ ಸೀರೆ ಅಥವಾ ಅಂಗಿ, ಇಷ್ಟೂ ಕೈಚೀಲದಲ್ಲಿರಲಿ. ಮಾತ್ರೆ ಡಬ್ಬಿ ಸೂಟ್‌ಕೇಸಿನಲ್ಲಿ ಉಳಿದರೆ ಅಜ್ಜನವರ ರಾತ್ರಿ ಮಾತ್ರೆ ತಪ್ಪುತ್ತದೆ.

ಇಸ್ತ್ರಿಪೆಟ್ಟಿಗೆ, ಕೆಟಲ್, ರೈಸ್ ಕುಕ್ಕರ್, ಎಕ್ಸ್‌ಟೆನ್ಷನ್ ಬೋರ್ಡ್ ಯಾವುದನ್ನೂ ಒಯ್ಯಬೇಡಿ, ಸ್ಕ್ಯಾನಿಂಗ್‌ನಲ್ಲಿ ತೆಗೆದಿಡುತ್ತಾರೆ. ದೀಪ, ಕರ್ಪೂರ, ಊದುಬತ್ತಿಗೂ ಅವಕಾಶವಿಲ್ಲ. ನಡುಸಮುದ್ರದಲ್ಲಿ ಬೆಂಕಿ ಬಿದ್ದರೆ ಹೊರಗಿನಿಂದ ಅಗ್ನಿಶಾಮಕದವರು ಬರುವಂತಿಲ್ಲ, ಅದಕ್ಕೇ ಹಡಗಿನವರು ಬೆಂಕಿಯ ವಿಷಯದಲ್ಲಿ ಯಾರ ಮಾತೂ ಕೇಳುವುದಿಲ್ಲ. ಇಷ್ಟಲಿಂಗ ಪೂಜೆ ಬಿಡದವರು ವಿಭೂತಿ, ರುದ್ರಾಕ್ಷಿ ಒಯ್ದು ಬೆಂಕಿಯಿಲ್ಲದೆ ಕ್ಯಾಬಿನ್‌ನಲ್ಲೇ ಪೂಜೆ ಮಾಡಿಕೊಳ್ಳಬಹುದು. ಮನೆಯ ಹಿರಿಯರಿಗೆ ಇದನ್ನು ಊರಲ್ಲೇ ಹೇಳಿ ಒಪ್ಪಿಸಿ. ಟರ್ಮಿನಲ್‌ನಲ್ಲಿ ಕರ್ಪೂರದ ಪೊಟ್ಟಣ ಹೊರಗಿಡಿಸಿದಾಗ ಅವರ ಮನಸ್ಸಿಗೆ ನೋವಾಗುತ್ತದೆ.

ಗರ್ಭಿಣಿಯರಿಗೆ 24 ವಾರ ತುಂಬುವಂತಿದ್ದರೆ ಹೆಚ್ಚಿನ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ. ಟಿಕೆಟ್ ಮಾಡುವ ಮುನ್ನವೇ ಕೇಳಿ.

ಹತ್ತಿದ ಕೂಡಲೇ

ಚೆಕ್-ಇನ್‌ನಲ್ಲಿ ಒಬ್ಬೊಬ್ಬರಿಗೂ ಒಂದು ಕಾರ್ಡ್ ಕೊಡುತ್ತಾರೆ. ಅದೇ ಕ್ಯಾಬಿನ್ ಕೀಲಿ, ಅದೇ ಗುರುತು, ಅದೇ ಹಣ. ಹಡಗಿನಲ್ಲಿ ನೋಟು ನಡೆಯುವುದಿಲ್ಲ, ಏನು ಕೊಂಡರೂ ಕಾರ್ಡಿನ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಮಕ್ಕಳ ಕಾರ್ಡಿನಲ್ಲಿ ಖರೀದಿ ಆಗದಂತೆ ತಡೆಹಾಕಲು ರಿಸೆಪ್ಷನ್‌ನಲ್ಲಿ ಹೇಳಬಹುದು. ಮೊದಲ ದಿನವೇ ಹೇಳಿ.

ಕ್ಯಾಬಿನ್ ಇನ್ನೂ ಸಿದ್ಧವಾಗಿರದಿದ್ದರೆ ಎಲ್ಲರೂ ಬಫೆಗೆ ಓಡುತ್ತಾರೆ. ನೀವು ಅದಕ್ಕೂ ಮುಂಚೆ ಊಟದ ಹಾಲ್ ಎಲ್ಲಿದೆ ಎಂದು ಕೇಳಿಕೊಂಡು ಅಲ್ಲಿಗೆ ಹೋಗಿ. ಯಾಕೆಂದು ಊಟದ ಭಾಗದಲ್ಲಿ ಹೇಳುತ್ತೇನೆ.

ದಾರಿಯ ವಿಷಯ. ಹಡಗಿನ ಓಣಿಗಳು ಒಂದರ ಹಾಗೆ ಇನ್ನೊಂದು ಕಾಣುತ್ತವೆ. ಏಳುಸುತ್ತಿನ ಕೋಟೆಗೆ ಮೊದಲ ಸಲ ಹೋದವರು ಯಾವ ಬಾಗಿಲು ದಾಟಿ ಬಂದೆವು ಎಂದು ತಬ್ಬಿಬ್ಬಾಗುತ್ತಾರಲ್ಲ, ಇಲ್ಲಿಯೂ ಹಾಗೇ ಆಗುತ್ತದೆ. ಮೂರು ಸಂಗತಿ ತಿಳಿದರೆ ಸಾಕು: ನಿಮ್ಮ ಡೆಕ್, ಅಂದರೆ ಹಡಗಿನ ಮಹಡಿ, ಎಷ್ಟನೆಯದು, ಕ್ಯಾಬಿನ್ ಹಡಗಿನ ಮೂತಿಯ ಕಡೆಯೋ ನಡುವಿನಲ್ಲೋ ಹಿಂಭಾಗದಲ್ಲೋ, ಮತ್ತು ಮೂತಿಗೆ ಮುಖಮಾಡಿ ನಿಂತರೆ ಎಡಕ್ಕೋ ಬಲಕ್ಕೋ. ಎಡಗಡೆಗೆ ಪೋರ್ಟ್, ಬಲಗಡೆಗೆ ಸ್ಟಾರ್‌ಬೋರ್ಡ್ ಎನ್ನುತ್ತಾರೆ. ಪ್ರತಿ ಮೆಟ್ಟಿಲ ಹತ್ತಿರ ನಕ್ಷೆ ಇರುತ್ತದೆ, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ವಯಸ್ಸಾದವರನ್ನು ಒಂದು ಸಲ ಕ್ಯಾಬಿನ್‌ನಿಂದ ಲಿಫ್ಟಿನವರೆಗೆ, ಲಿಫ್ಟಿನಿಂದ ಊಟದ ಹಾಲ್‌ವರೆಗೆ ಕೈಹಿಡಿದು ನಡೆಸಿ ತೋರಿಸಿ.

ಕ್ಯಾಬಿನ್ ಲಾಡ್ಜ್ ರೂಮಿಗಿಂತ ಚಿಕ್ಕದು. ಸೂಟ್‌ಕೇಸ್ ಖಾಲಿಮಾಡಿ ಮಂಚದ ಕೆಳಗೆ ತಳ್ಳಿದರೆ ಓಡಾಡಲು ಜಾಗ ಸಿಗುತ್ತದೆ. ಗೋಡೆಗಳು ಸಾಮಾನ್ಯವಾಗಿ ಲೋಹದವು. ಅಯಸ್ಕಾಂತದ ಕೊಕ್ಕೆ ನಾಲ್ಕೈದು ಒಯ್ದರೆ ಟವೆಲು, ಟೋಪಿ, ಚೀಲ ತೂಗುಹಾಕಬಹುದು. ಪ್ಲಗ್ ಪಾಯಿಂಟ್ ಕಡಿಮೆ. ವಿದೇಶದಲ್ಲಿ ಕಟ್ಟಿದ ಹಡಗುಗಳಲ್ಲಿ ಚಪ್ಪಟೆ ಪಿನ್ನಿನ ಅಮೆರಿಕನ್ ಮಾದರಿಯೂ ದುಂಡು ಪಿನ್ನಿನ ಯುರೋಪಿಯನ್ ಮಾದರಿಯೂ ಇರುತ್ತವೆ. ಹಾಗಾಗಿ ಒಂದು ಅಡಾಪ್ಟರ್ ಬೇಕು. ಎಂಪ್ರೆಸ್ ಕೂಡ 1990ರಲ್ಲಿ ರಾಯಲ್ ಕೆರಿಬಿಯನ್ ಕಂಪನಿಗೆಂದು ‘ನಾರ್ಡಿಕ್ ಎಂಪ್ರೆಸ್’ ಹೆಸರಿನಲ್ಲಿ ಕಟ್ಟಿದ ಹಡಗು. ಶೌಚಾಲಯದಲ್ಲಿ ಬಕೆಟ್ ಇರುವುದಿಲ್ಲ, ಬಹಳ ಕಡೆ ಕಾಗದವೇ ಗತಿ. ಚಿಕ್ಕದೊಂದು ಪ್ಲಾಸ್ಟಿಕ್ ಮಗ್ ಒಯ್ದರೆ ಮನೆಯವರೆಲ್ಲ ನಿಮ್ಮನ್ನು ಹರಸುತ್ತಾರೆ. ಫ್ಲಶ್ ಒತ್ತಿದರೆ ಜೋರಾಗಿ ಗಾಳಿ ಎಳೆದ ಸದ್ದು ಬರುತ್ತದೆ, ಮಕ್ಕಳು ಬೆಚ್ಚಬಹುದು, ಮೊದಲೇ ಹೇಳಿರಿ. ಅಲ್ಲಿನ ಕಾಗದ ಬಿಟ್ಟು ಬೇರೇನೂ ಅದರೊಳಗೆ ಹಾಕಬಾರದು. ಪೈಪು ಕಟ್ಟಿದರೆ ಅಕ್ಕಪಕ್ಕದ ಕ್ಯಾಬಿನ್‌ಗಳಿಗೂ ತೊಂದರೆ.

ಬಾಲ್ಕನಿ ಇರುವ ಕ್ಯಾಬಿನ್ ತೆಗೆದುಕೊಂಡವರು ಕಟಕಟೆಯ ಹತ್ತಿರ ಕುರ್ಚಿ ಬಿಡಬೇಡಿ. ಮಕ್ಕಳು ಏರುತ್ತಾರೆ.

ತಾಲೀಮು: ಇದನ್ನು ತಪ್ಪಿಸಿಕೊಳ್ಳಬೇಡಿ

ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಎಲ್ಲ ಪ್ರಯಾಣಿಕರಿಗೂ ಸುರಕ್ಷತಾ ತಾಲೀಮು ಆಗಲೇಬೇಕು. ಮೊದಲು ಹತ್ತಿದ 24 ಗಂಟೆಯೊಳಗೆ ಆದರೆ ಸಾಕು ಎಂಬ ನಿಯಮವಿತ್ತು. 2012ರ ಜನವರಿ 13ರ ರಾತ್ರಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು ವಾಲಿತು, 32 ಜನ ಸತ್ತರು. ಅದೇ ಸಂಜೆ ಹತ್ತಿದ್ದ ನೂರಾರು ಜನರಿಗೆ ತಾಲೀಮೇ ಆಗಿರಲಿಲ್ಲ. ಆಮೇಲೆ ಅಂತಾರಾಷ್ಟ್ರೀಯ ನಿಯಮ ಬದಲಾಗಿ 2015ರ ಜನವರಿ 1ರಿಂದ ಈಗಿನ ಪದ್ಧತಿ ಬಂತು. ಸುಸ್ತಾಗಿದೆ, ಆಮೇಲೆ ನೋಡೋಣ ಎನ್ನುವವರಿಗೆ ನಾನು ಈ ಘಟನೆಯನ್ನೇ ಹೇಳುತ್ತೇನೆ.

ನಿಮ್ಮ ಕಾರ್ಡಿನ ಮೇಲೂ ಕ್ಯಾಬಿನ್ ಬಾಗಿಲ ಒಳಬದಿಯಲ್ಲೂ ಒಂದು ಅಕ್ಷರ ಅಥವಾ ಸಂಖ್ಯೆ ಇರುತ್ತದೆ. ಅದು ಅಪಾಯದ ಹೊತ್ತಲ್ಲಿ ನೀವು ಸೇರಬೇಕಾದ ಜಾಗ, ಮಸ್ಟರ್ ಸ್ಟೇಷನ್. ಏಳು ಚಿಕ್ಕ ಸದ್ದು, ಕೊನೆಗೆ ಒಂದು ಉದ್ದ ಸದ್ದು ಕೇಳಿದರೆ ಅಲ್ಲಿಗೆ ಹೋಗಬೇಕು, ಲಿಫ್ಟ್ ಬಳಸದೆ ಮೆಟ್ಟಿಲಲ್ಲಿ. ಕೆಲವು ಹಡಗುಗಳಲ್ಲಿ ಈಗ ಸೂಚನೆಯ ವಿಡಿಯೊವನ್ನು ಫೋನಿನಲ್ಲೋ ಟಿವಿಯಲ್ಲೋ ನೋಡಿ, ಜಾಗಕ್ಕೆ ಹೋಗಿ ಕಾರ್ಡ್ ತೋರಿಸಿ ಬಂದರೆ ಮುಗಿಯಿತು. ಸೂಚನೆಗಳು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತವೆ. ಅವು ತಿಳಿಯದ ಹಿರಿಯರ ಪಕ್ಕ ನಿಂತು ಕನ್ನಡದಲ್ಲಿ ಹೇಳುವುದು ಮನೆಯ ಹುಡುಗರ ಕೆಲಸ. ಕ್ಯಾಬಿನ್‌ಗೆ ಮರಳಿದ ಮೇಲೆ ಲೈಫ್ ಜಾಕೆಟ್ ಎಲ್ಲಿದೆ ನೋಡಿ, ತಲೆ ಎಣಿಸಿ, ಮಕ್ಕಳ ಅಳತೆಯದು ಇಲ್ಲದಿದ್ದರೆ ಆಗಲೇ ಕೇಳಿ ತರಿಸಿಕೊಳ್ಳಿ.

ದಡ ಬಿಡುವ ಹೊತ್ತು

ತಾಲೀಮು ಮುಗಿದ ಮೇಲೆ ಮೇಲಿನ ತೆರೆದ ಡೆಕ್‌ಗೆ ಹೋಗಿ. ಇದೊಂದು ನೋಟವನ್ನು ಮೊದಲ ಸಂಜೆ ಬಿಡಬೇಡಿ. ಬಲ್ಲಾರ್ಡ್ ಪಿಯರ್ ಮುಂಬೈಯ ಪೂರ್ವ ಬದಿಗಿದೆ, ಹಡಗು ದಕ್ಷಿಣಕ್ಕೆ ಸಾಗಿ ಆಮೇಲೆ ಅರಬ್ಬಿ ಸಮುದ್ರಕ್ಕೆ ತಿರುಗುತ್ತದೆ. ಆದ್ದರಿಂದ ಬಲಗಡೆ ನಿಂತವರಿಗೆ ಗೇಟ್‌ವೇ ಆಫ್ ಇಂಡಿಯಾ, ತಾಜ್ ಹೋಟೆಲು, ಕೊಲಾಬಾ, ತುದಿಯಲ್ಲಿ ಪ್ರಾಂಗ್ಸ್ ದೀಪಸ್ತಂಭ ಸಾಲಾಗಿ ಕಾಣುತ್ತವೆ.

ಊರಿಗೆ ಫೋನ್ ಮಾಡುವುದಿದ್ದರೆ ಆಗಲೇ ಮಾಡಿ. ದಡದ ಸಿಗ್ನಲ್ ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಆಮೇಲೆ ಫೋನ್ ಹಡಗಿನದೇ ಉಪಗ್ರಹ ನೆಟ್‌ವರ್ಕ್ ಹಿಡಿದರೆ ರೋಮಿಂಗ್ ದರ ಬಹಳ ದುಬಾರಿ. ಮನೆಯ ಎಲ್ಲ ಫೋನನ್ನೂ ಏರೋಪ್ಲೇನ್ ಮೋಡ್‌ಗೆ ಹಾಕಿ, ಬೇಕಿದ್ದರೆ ಹಡಗಿನ ವೈ-ಫೈ ಕೊಳ್ಳಿ. “ಇನ್ನು ನಾಳೆ ಗೋವಾ ಮುಟ್ಟಿದ ಮೇಲೇ ಫೋನು, ಗಾಬರಿ ಆಗಬೇಡವ್ವಾ” ಎಂದು ಊರಿನ ಅವ್ವನಿಗೆ ಒಂದು ಮಾತು ಹೇಳಿದರೆ ಆಕೆ ರಾತ್ರಿ ನೆಮ್ಮದಿಯಾಗಿ ಮಲಗುತ್ತಾಳೆ.

ಹೊಟ್ಟೆ ತೊಳೆಸುವ ಭಯ ಇರುವವರು ಇದೇ ಹೊತ್ತಿಗೆ ಎಚ್ಚರ ವಹಿಸಬೇಕು. ಬಸ್ಸಿನಲ್ಲಿ ವಾಂತಿಯಾಗುವವರಿಗೆ ಹಡಗಿನಲ್ಲೂ ಆಗಬಹುದು. ಮಾತ್ರೆ ಕೆಲಸ ಮಾಡುವುದು ತೊಳಸಲು ಶುರುವಾಗುವ ಮುನ್ನ ತೆಗೆದುಕೊಂಡರೆ. ಊರಿನ ಡಾಕ್ಟರನ್ನೇ ಕೇಳಿ ಒಯ್ಯಿರಿ, ಯಾಕೆಂದರೆ ಈ ಮಾತ್ರೆಗಳು ತೂಕಡಿಕೆ ತರುತ್ತವೆ, ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರಿಗೆ ಎಲ್ಲವೂ ಹೊಂದುವುದಿಲ್ಲ. ತಲೆ ತಿರುಗಿದಂತಾದರೆ ಕ್ಯಾಬಿನ್‌ನಲ್ಲಿ ಮೊಬೈಲ್ ನೋಡುತ್ತ ಮಲಗಬೇಡಿ. ತೆರೆದ ಡೆಕ್‌ಗೆ ಬಂದು ನೀರು-ಆಕಾಶ ಕೂಡುವ ಗೆರೆಯನ್ನು ನೋಡುತ್ತ ನಿಲ್ಲಿ. ಹಡಗಿನ ನಡುಭಾಗ, ಕೆಳಗಿನ ಡೆಕ್‌ಗಳಲ್ಲಿ ಅಲುಗಾಟ ಕಡಿಮೆ. ಪೂರ್ತಿ ಖಾಲಿ ಹೊಟ್ಟೆಯೂ ಬೇಡ, ಬಿಗಿಯಾಗಿ ತುಂಬಿದ ಹೊಟ್ಟೆಯೂ ಬೇಡ.

ಊಟ

ನಮ್ಮ ಕಡೆಯವರು ನನ್ನನ್ನು ಹೆಚ್ಚು ಕೇಳುವುದು ಇದನ್ನೇ. “ಅಲ್ರೀ, ಅಲ್ಲಿ ನಮಗೆ ಊಟ ಸಿಗ್ತದಾ?” ಸಿಗುತ್ತದೆ, ಚೆನ್ನಾಗಿಯೇ ಸಿಗುತ್ತದೆ. ಆದರೆ ಕೇಳಬೇಕು, ಮೊದಲ ದಿನವೇ ಕೇಳಬೇಕು.

ಹಡಗಿನಲ್ಲಿ ಊಟದ ಜಾಗಗಳು ಮುಖ್ಯವಾಗಿ ಮೂರು ಬಗೆ. ಒಂದು, ತಟ್ಟೆ ಹಿಡಿದು ಬಡಿಸಿಕೊಳ್ಳುವ ಬಫೆ. ಎರಡು, ಕುಳಿತಲ್ಲಿಗೆ ವೇಟರ್ ತಂದುಕೊಡುವ ಮುಖ್ಯ ಊಟದ ಹಾಲ್. ಇವೆರಡರ ಹಣ ಟಿಕೆಟ್ಟಿನಲ್ಲೇ ಸೇರಿದೆ. ಮೂರು, ಬೇರೆಯಾಗಿ ಹಣ ಕೊಡಬೇಕಾದ ಸ್ಪೆಷಾಲಿಟಿ ರೆಸ್ಟೋರೆಂಟ್‌ಗಳು. ಮೊದಲ ರಾತ್ರಿ ಮೂರನೆಯದನ್ನು ಮರೆತುಬಿಡಿ.

ಮುಖ್ಯ ಹಾಲ್‌ನಲ್ಲಿ ಅನೇಕ ಹಡಗುಗಳಲ್ಲಿ ಎರಡು ಪಂಕ್ತಿ. ಮೊದಲನೆಯದು ಸಂಜೆ ಆರರ ಆಸುಪಾಸು, ಎರಡನೆಯದು ಎಂಟರ ಮೇಲೆ. ನಿಮ್ಮದು ಯಾವ ಪಂಕ್ತಿ, ಎಷ್ಟನೇ ಟೇಬಲ್ ಎಂಬುದು ಕಾರ್ಡಿನ ಮೇಲೋ ಆಪ್‌ನಲ್ಲೋ ಇರುತ್ತದೆ. ಹಿರಿಯರು, ಚಿಕ್ಕ ಮಕ್ಕಳು, ಶುಗರ್ ಮಾತ್ರೆ ತಿನ್ನುವವರು ಇರುವ ಮನೆಗೆ ಮೊದಲ ಪಂಕ್ತಿಯೇ ಸರಿ. ಮನೆಯಲ್ಲಿ ಒಂಬತ್ತಕ್ಕೆ ಉಣ್ಣುತ್ತೇವಲ್ಲ ಎಂದು ಎರಡನೆಯದನ್ನು ಆರಿಸಿಕೊಳ್ಳುವವರು ಇದ್ದಾರೆ. ಆ ಪಂಕ್ತಿಯ ಊಟ ಮುಗಿಯುವಾಗ ಹತ್ತು ಗಂಟೆಯಾಗುತ್ತದೆ, ಅಷ್ಟು ಹೊತ್ತು ಮಕ್ಕಳು ಕೂರುವುದಿಲ್ಲ. ಪಂಕ್ತಿ ಬದಲಿಸಬೇಕಾದರೆ, ಅಪರಿಚಿತರ ಜೊತೆ ದೊಡ್ಡ ಟೇಬಲ್ ಬೇಡ, ನಮ್ಮ ಮನೆಯವರಿಗೇ ಒಂದು ಬೇಕು ಎನ್ನಿಸಿದರೆ, ಹತ್ತಿದ ಮಧ್ಯಾಹ್ನವೇ ಹಾಲ್‌ನ ಮ್ಯಾನೇಜರ್‌ನನ್ನು ಕಾಣಬೇಕು. ಅಲ್ಲಿಗೆ ಮೊದಲು ಹೋಗಿ ಎಂದು ಆಗ ಹೇಳಿದ್ದು ಇದಕ್ಕೇ. ಮಧ್ಯಾಹ್ನ ಅವರ ಕೈಯಲ್ಲಿ ಖಾಲಿ ಟೇಬಲ್ ಇರುತ್ತದೆ, ಸಂಜೆಯ ಹೊತ್ತಿಗೆ ಹಂಚಿ ಮುಗಿದಿರುತ್ತದೆ.

ಅದೇ ಭೇಟಿಯಲ್ಲಿ ನಿಮ್ಮ ಆಹಾರದ ಕಟ್ಟುಪಾಡನ್ನೂ ಹೇಳಿ. ಬರೀ ‘ವೆಜಿಟೇರಿಯನ್’ ಎಂದರೆ ಸಾಲದು. ಅನೇಕ ದೇಶದ ಅಡುಗೆಯವರಿಗೆ ಮೊಟ್ಟೆ ಸಸ್ಯಾಹಾರವೇ. “ನೋ ಮೀಟ್, ನೋ ಫಿಶ್, ನೋ ಎಗ್, ಮಿಲ್ಕ್ ಓಕೆ” ಎಂದು ಬಿಡಿಸಿ ಹೇಳಿ, ಚೀಟಿಯಲ್ಲಿ ಬರೆದು ಕೊಟ್ಟರೆ ಇನ್ನೂ ಒಳ್ಳೆಯದು. ಕಣ್ಣಿಗೆ ಕಾಣದ ಕಡೆಗಳಲ್ಲಿ ಹುಷಾರಾಗಿರಿ: ತರಕಾರಿ ಸೂಪನ್ನು ಕೋಳಿಯ ರಸದಲ್ಲಿ ಕುದಿಸಿರಬಹುದು, ಸೀಸರ್ ಸಲಾಡ್‌ನ ಗೊಜ್ಜಿನಲ್ಲಿ ಮೀನು ಇರಬಹುದು, ಥಾಯ್ ಕರಿಯಲ್ಲಿ ಮೀನಿನ ಸಾಸ್, ಜೆಲ್ಲಿಯಂಥ ಸಿಹಿಯಲ್ಲಿ ಪ್ರಾಣಿಜನ್ಯ ಜೆಲಟಿನ್, ಕೇಕಿನಲ್ಲಿ ಮೊಟ್ಟೆ. ಪ್ರತಿಯೊಂದನ್ನೂ ಕೇಳಿ. ಹಡಗಿನವರು ಬೇಸರಪಡುವುದಿಲ್ಲ, ಅಲರ್ಜಿ ಇರುವ ಜನರಿಗಾಗಿ ದಿನವೂ ಉತ್ತರ ಕೊಟ್ಟು ರೂಢಿ ಇರುತ್ತದೆ. ಮುಂಬೈಯಿಂದ ಹೊರಡುವ ಕಾರ್ಡೀಲಿಯಾದಲ್ಲಿ ಸಸ್ಯಾಹಾರಕ್ಕೂ ಜೈನ ಊಟಕ್ಕೂ ಮೊದಲೇ ಏರ್ಪಾಡಿದೆ, ಅಲ್ಲಿ ಈ ತಾಪತ್ರಯ ಕಡಿಮೆ. ಸಿಂಗಪುರದ ಕಡೆಯ ಹಡಗಾದರೆ ಟಿಕೆಟ್ ಮಾಡುವಾಗಲೇ ಬರೆಸಿ, ಹತ್ತಿದ ಮೇಲೆ ಮತ್ತೊಮ್ಮೆ ಹೇಳಿ.

ಇನ್ನೊಂದು ಒಳ್ಳೆಯ ಉಪಾಯ. ಮೊದಲ ರಾತ್ರಿ ಊಟ ಮುಗಿದಾಗ ವೇಟರ್‌ಗೆ ಮರುದಿನದ ಮೆನು ತೋರಿಸಲು ಹೇಳಿ, ನಿಮಗೆ ಬೇಕಾದ ಪಲ್ಯ, ದಾಲ್, ಅನ್ನವನ್ನು ಆಗಲೇ ತಿಳಿಸಿ. ಬಹಳ ಹಡಗುಗಳ ಅಡುಗೆಮನೆಯಲ್ಲಿ ಭಾರತದ ಬಾಣಸಿಗರಿದ್ದಾರೆ. ಒಂದು ದಿನ ಮುಂಚೆ ಗೊತ್ತಾದರೆ ಮೆನುವಿನಲ್ಲಿ ಇಲ್ಲದ್ದನ್ನೂ ಎಷ್ಟೋ ಸಲ ಮಾಡಿಕೊಡುತ್ತಾರೆ.

ಮೇಜಿನ ಮೇಲೆ ಚಮಚ, ಫೋರ್ಕು, ಚಾಕು ಸಾಲಾಗಿ ಇಟ್ಟಿರುವುದನ್ನು ನೋಡಿ ಹೆದರಬೇಕಿಲ್ಲ. ಹೊರಗಿನವನ್ನು ಮೊದಲು, ಒಳಗಿನವನ್ನು ಆಮೇಲೆ ಬಳಸುವುದು, ಅಷ್ಟೇ ಲೆಕ್ಕ. ಎಡಗಡೆಯ ಚಿಕ್ಕ ತಟ್ಟೆ ನಿಮ್ಮ ಬ್ರೆಡ್ಡಿನದು, ಬಲಗಡೆಯ ಲೋಟ ನಿಮ್ಮ ನೀರಿನದು. ರೊಟ್ಟಿ, ಅನ್ನವನ್ನು ಕೈಯಲ್ಲಿ ಉಣ್ಣುವುದಿದ್ದರೆ ಧಾರಾಳವಾಗಿ ಉಣ್ಣಿ, ಅದು ನಮ್ಮ ಊಟದ ರೀತಿ. ಮೆನುವಿನಲ್ಲಿ ಮೊದಲ ಸುತ್ತು ಸೂಪು-ಸಲಾಡ್, ಎರಡನೆಯದು ಮುಖ್ಯ ಊಟ, ಕೊನೆಗೆ ಸಿಹಿ. ಒಂದೊಂದು ತಟ್ಟೆಯಲ್ಲೂ ಸ್ವಲ್ಪವೇ ಇರುತ್ತದೆ. ಸಾಲದಿದ್ದರೆ ಇನ್ನೊಂದು ತರಿಸಬಹುದು, ಅದಕ್ಕೆ ಹಣವಿಲ್ಲ. ಪಕ್ಕದಲ್ಲಿ ಬೆಲೆ ಬರೆದಿರುವ ಪದಾರ್ಥಕ್ಕೆ ಮಾತ್ರ ಹಣ. ಕೂಲ್‌ಡ್ರಿಂಕ್ಸ್, ಬಾಟಲಿ ನೀರು, ಮದ್ಯ ಸಾಮಾನ್ಯವಾಗಿ ಲೆಕ್ಕಕ್ಕೆ ಸೇರುತ್ತವೆ, ಮಕ್ಕಳಿಗೆ ಇದನ್ನು ತಿಳಿಸಿ. ಟಿಪ್ಸ್ ಅನ್ನು ಅನೇಕ ಹಡಗುಗಳು ದಿನದ ಲೆಕ್ಕಕ್ಕೇ ಸೇರಿಸುತ್ತವೆ, ಮೇಜಿನ ಮೇಲೆ ಪ್ರತಿ ಸಲ ನೋಟು ಇಡಬೇಕಿಲ್ಲ.

ಉಡುಪಿಗೂ ಅಂಜಬೇಡಿ. ಸೂಟು-ಬೂಟಿನ ರಾತ್ರಿ ಸಾಮಾನ್ಯವಾಗಿ ಮೊದಲನೆಯ ದಿನ ಇರುವುದಿಲ್ಲ, ಸೂಟ್‌ಕೇಸ್ ಇನ್ನೂ ಬಂದಿರುವುದಿಲ್ಲವೆಂಬುದು ಅವರಿಗೂ ಗೊತ್ತು. ಚಡ್ಡಿ, ಬನಿಯನ್ನು, ಸ್ನಾನದ ಚಪ್ಪಲಿ ಬೇಡ, ಪ್ಯಾಂಟು-ಶರ್ಟು, ಚೂಡಿದಾರ ಸಾಕು. ಇಳಕಲ್ ಸೀರೆ ಯಾವ ರಾತ್ರಿಗೂ ಸಲ್ಲುತ್ತದೆ.

ಬಫೆ ಆರಿಸಿಕೊಂಡರೆ ತಟ್ಟೆ ಹಿಡಿಯುವ ಮುನ್ನ ಬರಿಗೈಯಲ್ಲಿ ಒಂದು ಸುತ್ತು ಹಾಕಿ. ಮೊದಲ ಕೌಂಟರಿನ ಬ್ರೆಡ್ಡು, ಪಾಸ್ತಾದಿಂದಲೇ ತಟ್ಟೆ ತುಂಬಿಸಿಕೊಂಡವರಿಗೆ ಅನ್ನ-ಸಾರು ಕೊನೆಯ ಮೂಲೆಯಲ್ಲಿ ಕಾಣುತ್ತದೆ. ಸಪ್ಪೆ ಮೊಸರು ಹೆಚ್ಚಿನ ಬಫೆಗಳಲ್ಲಿ ಬೆಳಗಿನ ಹೊತ್ತು ಇರುತ್ತದೆ, ರಾತ್ರಿ ಕಾಣದಿದ್ದರೆ ಕೇಳಿ. ಬಿಸಿ ಅನ್ನಕ್ಕೆ ಅದನ್ನು ಕಲಸಿಕೊಟ್ಟರೆ ಅಜ್ಜಿಯ ಊಟದ ಸಮಸ್ಯೆ ಮುಗಿಯಿತು. ಬಾಯಿಗೆ ಖಾರ ಬೇಕೆನ್ನುವವರು ಅಂಗಡಿಯ ಸೀಲ್ ಮಾಡಿದ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಒಯ್ಯಬಹುದೇ ಎಂದು ಕಂಪನಿಯನ್ನು ಕೇಳಿ. ಒಣ, ಸೀಲ್ ಆದ ಪೊಟ್ಟಣಗಳಿಗೆ ಸಾಮಾನ್ಯವಾಗಿ ಬಿಡುತ್ತಾರೆ. ಡಬ್ಬಿಗೆ ಕಟ್ಟಿಕೊಂಡ ಮನೆ ಅಡುಗೆಗೆ ಬಿಡುವುದಿಲ್ಲ.

ಕೈ ತೊಳೆಯುವುದನ್ನು ಮಾತ್ರ ಮರೆಯಬೇಡಿ, ಸೋಪು ನೀರಿನಿಂದಲೇ. ಹಡಗಿನಲ್ಲಿ ಹರಡುವ ವಾಂತಿಭೇದಿಗೆ ಬಹಳ ಸಲ ನೋರೋವೈರಸ್ ಕಾರಣ, ಸ್ಯಾನಿಟೈಸರ್ ಅದರ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸಾವಿರಾರು ಜನ ಹಿಡಿದ ಅದೇ ಸೌಟನ್ನು ನೀವೂ ಹಿಡಿದಿರುತ್ತೀರಿ. ಆದ್ದರಿಂದ ಬಡಿಸಿಕೊಂಡ ಮೇಲೆ, ಕೈಯಲ್ಲಿ ಉಣ್ಣುವ ಮುನ್ನ ಇನ್ನೊಂದು ಸಲ ತೊಳೆದರೆ ಒಳ್ಳೆಯದು.

ಮೊದಲ ರಾತ್ರಿ ಎಷ್ಟು ತಿನ್ನಬೇಕು? ಅನ್ನ, ದಾಲ್, ಒಂದು ಪಲ್ಯ, ಮೊಸರು. ಕೊಟ್ಟ ದುಡ್ಡಿಗೆ ತಿಂದುಬಿಡೋಣ ಎಂಬ ಹಟ ಆ ರಾತ್ರಿ ಬೇಡ. ಪ್ರಯಾಣದ ಸುಸ್ತು, ಹೊಸ ಎಣ್ಣೆ-ಬೆಣ್ಣೆ, ಅಲುಗುವ ನೆಲ ಮೂರೂ ಸೇರಿದರೆ ಮರುದಿನದ ಗೋವಾ ಕ್ಯಾಬಿನ್‌ನಲ್ಲೇ ಕಳೆದುಹೋಗುತ್ತದೆ.

ಮಲಗುವ ಮುನ್ನ

ಕ್ಯಾಸಿನೊ, ತೆರಿಗೆಯಿಲ್ಲದ ಅಂಗಡಿಗಳು ಹಡಗು ದಡದಿಂದ ದೂರ ಹೋದ ಮೇಲೆ ತೆರೆಯುತ್ತವೆ. ಕ್ಯಾಸಿನೊಗೆ ಹೋಗಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ, ಅದರಲ್ಲೂ ಕಾರ್ಡಿನ ಲೆಕ್ಕದಲ್ಲಿ ಆಡಬೇಡಿ, ಕೈಬಿಟ್ಟ ಹಣ ಕಣ್ಣಿಗೇ ಕಾಣುವುದಿಲ್ಲ.

ಮರುದಿನದ ಕಾರ್ಯಕ್ರಮದ ಹಾಳೆ ಕ್ಯಾಬಿನ್‌ಗೆ ಬಂದಿರುತ್ತದೆ, ಇಲ್ಲವೇ ಆಪ್‌ನಲ್ಲಿರುತ್ತದೆ. ಅದರಲ್ಲಿ ಮೂರು ವೇಳೆ ಗುರುತಿಸಿಕೊಳ್ಳಿ: ತಿಂಡಿ ಎಷ್ಟರವರೆಗೆ, ದಡಕ್ಕೆ ಇಳಿಯುವುದು ಎಷ್ಟಕ್ಕೆ, ವಾಪಸ್ ಹಡಗಿನಲ್ಲಿ ಇರಬೇಕಾದದ್ದು ಎಷ್ಟಕ್ಕೆ. ಸಿಂಗಪುರದಿಂದ ಹೊರಟವರು ಗಡಿಯಾರವನ್ನೂ ನೋಡಿಕೊಳ್ಳಿ. ಅಲ್ಲಿ ನಮಗಿಂತ ಎರಡೂವರೆ ಗಂಟೆ ಮುಂದು, ಥಾಯ್ಲೆಂಡ್ ಬಂದರಿನಲ್ಲಿ ಒಂದೂವರೆ ಗಂಟೆ. ಹಡಗಿನ ಗಡಿಯಾರ ಏನು ಹೇಳುತ್ತದೋ ಅದನ್ನೇ ನಂಬಿ, ಫೋನಿನದು ತಾನಾಗಿ ಬದಲಾಗಿ ಗೊಂದಲ ಮಾಡಬಹುದು. ಲಕ್ಷದ್ವೀಪದಂಥ ಕಡೆ ಹಡಗು ದೂರದಲ್ಲೇ ನಿಂತು ಚಿಕ್ಕ ದೋಣಿಗಳಲ್ಲಿ ಇಳಿಸುತ್ತಾರೆ. ಮಂಡಿನೋವಿನವರು ತಮ್ಮಿಂದ ಆಗುತ್ತದೆಯೇ ಎಂದು ರಿಸೆಪ್ಷನ್‌ನಲ್ಲಿ ಹಿಂದಿನ ರಾತ್ರಿಯೇ ವಿಚಾರಿಸಬೇಕು, ಬೆಳಗ್ಗೆ ಅಲ್ಲಿ ಸಾಲು ನಿಂತಿರುತ್ತದೆ.

ಕೊನೆಗೆ ಕ್ಯಾಬಿನ್‌ನ ಟಿವಿಯಲ್ಲಿ ನಿಮ್ಮ ಖಾತೆ ತೆರೆದು ಆ ದಿನದ ಲೆಕ್ಕ ನೋಡಿ. ನೀವು ಕೊಳ್ಳದ್ದು ಏನಾದರೂ ಬರೆದಿದ್ದರೆ ಆ ರಾತ್ರಿಯೇ ಹೋಗಿ ಹೇಳಿ, ರಿಸೆಪ್ಷನ್ ರಾತ್ರಿಯಿಡೀ ತೆರೆದಿರುತ್ತದೆ.